ಪೂಜೆಗೆ ಕೂತ ಪಾನಾ

ಹಳೆಯ ಯಂತ್ರ ಕೊಳ್ಳಲು ಹೋದಾಗ ಮೊದಲು ಯಂತ್ರದ ಕಡೆ ನೋಡಬಾರದು, ಮಾರುವವನ ಮನೆಯವರ ಕಡೆ ನೋಡಬೇಕು. ನನ್ನ ಅಂಗಡಿಗೆ ಧಂದೆ ಕಲಿಯಲು ಬಂದವರಿಗೆಲ್ಲ ಈ ಮಾತು ಹೇಳಿದ್ದೇನೆ. ಸಲಗರ ಬುದ್ರುಕದ ಆ ವಾಡೆಯಲ್ಲಿ ಮಾತ್ರ ನಾನೇ ಇದನ್ನು ಮರೆತೆ. ಕೊಟ್ಟಿಗೆಯ ಮೂಲೆಯಲ್ಲಿ ಜೋಳದ ಕಣಿಕೆಯ ಕೆಳಗೆ ಬಿದ್ದಿದ್ದ ಮೋಟಾರ್ ಸೈಕಲ್ಲನ್ನು ಇಬ್ಬರು ಆಳುಗಳು ಅಂಗಳಕ್ಕೆ ಎಳೆದು ತಂದಾಗ ಮನೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋದರು. ಕಟ್ಟಿದ ಎಮ್ಮೆಯೂ ಮುಖ ತಿರುಗಿಸಿತು ಎಂದರೆ ಕಥೆಯಾದೀತು. ಎಮ್ಮೆ ತನ್ನ ಪಾಡಿಗೆ ಮೇಯುತ್ತಿತ್ತು. ಆದರೆ ಹೆಂಗಸರು ಒಳಗೆ ಹೋದದ್ದು ಖರೆ. ನಾನು ಮೊಣಕಾಲೂರಿ ಕುಳಿತು ಎಂಜಿನ್ನಿನ ಮೇಲಿನ ಮಣ್ಣು ಕೆರೆಯುತ್ತಿದ್ದೆ.

ಇದು ಇಸವಿ ಮೂವತ್ತು ದಾಟಿದ ಮೇಲಿನ ಮಾತು. ಸೊಲ್ಲಾಪುರದ ವಿಜಾಪುರ ರಸ್ತೆಯ ಅಂಚಿಗೆ ನನ್ನದೊಂದು ತಗಡಿನ ಶೆಡ್ಡು, ಅದರ ಬೆನ್ನಿಗೆ ಮನೆ. ಹಳೆ ಕಬ್ಬಿಣದ ಧಂದೆ. ಹತ್ತು ವರ್ಷದವನಿದ್ದಾಗ ಗಿರಣಿಯ ಗೋಡೆಯ ಹಿಂದೆ ಬಿದ್ದ ಮೊಳೆ ಆರಿಸಿ ಮಾರಿದವನು ನಾನು. ಮೂವತ್ತಕ್ಕೆ ಬರುವಷ್ಟರಲ್ಲಿ ಗಿರಣಿಯವರೇ ಕರೆದು ಮುರಿದ ಯಂತ್ರ ತೋರಿಸುವಂತಾಗಿತ್ತು. ಚೌಕಾಸಿ ನನಗೆ ಯಾರೂ ಕಲಿಸಲಿಲ್ಲ, ಹಸಿವೆ ಕಲಿಸಿತು. ಎದುರಿನವನು ಹೇಳಿದ್ದರಲ್ಲಿ ಅರ್ಧ ಹಿಡಿ, ಅರ್ಧ ಬಿಡು. ಇಷ್ಟೇ ನನ್ನ ವಿದ್ಯೆ.

ಗಾಡಿ ಸಣ್ಣದು. ಎರಡೂವರೆ ಕುದುರೆ ಶಕ್ತಿಯ ವಿಲಾಯತಿ ಮಾಲು, ಮಹಾಯುದ್ಧದ ಹೊತ್ತಿಗೆ ಯಾವನೋ ಸಾಹೇಬ ತಂದು ಬಿಟ್ಟು ಹೋದದ್ದು. ಕೈಕೈ ದಾಟಿ ಈ ಒಕ್ಕಲಿನವರ ಮನೆಗೆ ಬಂದಿತ್ತು. ಎಂಜಿನ್ ಬಿಗಿದು ಕಲ್ಲಾಗಿತ್ತು. ನಾನು ಎತ್ತಿನ ಸಂತೆಯಲ್ಲಿ ಮಾಡುವಂತೆ ಮನೆಯ ಯಜಮಾನರ ಕೈಯ ಮೇಲೆ ರುಮಾಲು ಹೊದಿಸಿ, ಒಳಗೆ ಅವರ ಬೆರಳು ಹಿಡಿದು ಬೆಲೆ ಕಟ್ಟಲು ಹೋದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಬೆರಳ ಹಿಡಿಯೂದು ಬ್ಯಾಡ್ರಿ. ನೀವು ಏನ ಕೊಡ್ತೀರೋ ಕೊಡ್ರಿ. ಒಂದ ಮಾತು ಅದ. ಇದನ್ನ ಒಡದು ಲೋಖಂಡ ಅಂತ ಮಾರ್ರಿ. ಎಬ್ಬಸಬ್ಯಾಡ್ರಿ."

ಕಟ್ಟೆಯ ಮೇಲೆ ಅವರ ಮಗ ಕುಳಿತಿದ್ದ. ಮೂವತ್ತರ ಆಸುಪಾಸು, ಒಂದು ಕಾಲು ಮಡಚಲು ಬಾರದೆ ಬಡಿಗೆಯಂತೆ ಮುಂದಕ್ಕೆ ಚಾಚಿತ್ತು. ಅಲ್ಲಿಯವರೆಗೆ ಬಾಯಿ ತೆರೆಯದವನು ಆಗ ಹೇಳಿದ: "ಒಳಗ ಒಂದ ಅಡ್ಡ ಪಿನ್ನು ಅದ ನೋಡ್ರಿ. ಅದು ಸವದು ಮುರದಿತ್ತು. ಗಾಡಿ ಚಲೋ ಓಡಾಕತ್ತಿತ್ತು, ಒಮ್ಮಿಂದೊಮ್ಮೆ ಯಾರೋ ಹಿಂದಿನ ಗಾಲಿ ಗಪ್ಪನ ಹಿಡದಂಗಾತು. ಮುಂದಿಂದು ನನಗ ನೆನಪಿಲ್ಲ."

ಚೌಕಾಸಿಗೆ ನಿಲ್ಲದ ಮಾರಾಟಗಾರನನ್ನು ಕಂಡರೆ ನನಗೆ ಸಂಶಯ. ನಾನು ಎಂಜಿನ್ ಎಬ್ಬಿಸಿ ಲಾಭ ಮಾಡಿಕೊಂಡರೆ ಇವರಿಗೆ ಹೊಟ್ಟೆಯುರಿ, ಅದಕ್ಕೇ ಒಡೆದು ಕಬ್ಬಿಣವೆಂದು ಮಾರು ಅನ್ನುತ್ತಾರೆ ಎಂದುಕೊಂಡೆ. ಅರ್ಧ ಹಿಡಿದೆ. ಪಿನ್ನಿನ ಮಾತು ಹಿಡಿದೆ, ಎಬ್ಬಿಸಬೇಡಿ ಎಂಬುದನ್ನು ಬಿಟ್ಟೆ. ಚಕ್ಕಡಿಯಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ತಂದೆ.

ಕೆಲಸ ಮಾಡುವವರು ನನ್ನ ಶೆಡ್ಡಿನ ಮೇಸ್ತ್ರಿ. ಕಮ್ಮಾರರ ಮನೆತನದವರು, ಗಿರಣಿಯ ಲೇಥಿನ ಮೇಲೆ ಇಪ್ಪತ್ತು ವರ್ಷ ತೇಯ್ದವರು, ನನಗಿಂತ ಹಿರಿಯರು. ಕಣ್ಣು ಸ್ವಲ್ಪ ಮಂಜಾಗಿದ್ದವು, ಕೈ ಮಾತ್ರ ಮಂಜಾಗಿರಲಿಲ್ಲ. ಬಿಗಿದ ಎಂಜಿನ್ನಿಗೆ ಸುತ್ತಿಗೆ ಹಾಕುವವನು ಮೂರ್ಖ. ಘಾಸಲೇಟ್, ಅಂದರೆ ಚಿಮಣಿ ಎಣ್ಣೆ, ಕುಡಿಸಿ ಎಂಟು ದಿನ ಬಿಡಬೇಕು. ಅವರು ಹಾಗೇ ಬಿಟ್ಟರು. ಒಂಬತ್ತನೆಯ ದಿನ ಸಿಲಿಂಡರ್ ಎತ್ತಿದಾಗ ಅದರ ಒಳಗೋಡೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದು ಗಾಯ. ನೇಗಿಲು ಎಳೆದಂತೆ.

"ಇದ ನೋಡ್ರಿ ಸಾವಕಾರ್ರ," ಎಂದು ಮೇಸ್ತ್ರಿ ಪಿಸ್ಟನ್ನನ್ನು ನನ್ನ ಕೈಗೆ ಕೊಟ್ಟರು. ಪಿಸ್ಟನ್ನಿನ ಹೊಟ್ಟೆಯಲ್ಲಿ ಅಡ್ಡಲಾಗಿ ಒಂದು ಗೂಟ. ಆ ಗೂಟಕ್ಕೇ ಕೆಳಗಿನ ಉದ್ದನೆಯ ರಾಡು ಜೋತುಬಿದ್ದಿರುತ್ತದೆ. ಗೂಟ ಆಚೆ ಈಚೆ ಜರುಗದಂತೆ ಅದರಲ್ಲಿ ತೂರಿಸಿದ ಒಂದು ಸಣ್ಣ ಉಕ್ಕಿನ ಪಿನ್ನು, ನಮ್ಮ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಸಲಗರದ ಯಜಮಾನರ ಮಗ ಹೇಳಿದ್ದು ಇದನ್ನೇ. ಅದು ಮುರಿದರೆ ಗೂಟ ಜರುಗುತ್ತದೆ, ಸಿಲಿಂಡರಿನ ಗೋಡೆಯನ್ನು ಸೀಳುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ, ಹಿಂದಿನ ಗಾಲಿ ಓಡುತ್ತಿದ್ದಂತೆಯೇ ನಿಲ್ಲುತ್ತದೆ. ಮೇಲಿದ್ದವನ ಗತಿ ಅವನ ಕಾಲೇ ಹೇಳುತ್ತಿತ್ತು. ಆ ಅಪಘಾತದ ನಂತರ ಊರಿನ ಯಾರೋ ಬೇರೆ ಪಿನ್ನು ಹಾಕಿ ತಿರುಗಿಸಿ ನೋಡಿದ್ದರು. ಅದೂ ನಡುವೆ ಸವೆದು ಉಗುರಿಗೆ ತಗಲುವಂತೆ ಗೆರೆ ಬಿದ್ದಿತ್ತು.

ಮಳೆಗಾಲವೆಲ್ಲ ಅದರ ಕೆಲಸ ನಡೆಯಿತು. ಮೇಸ್ತ್ರಿ ಸಿಲಿಂಡರಿನ ಗಾಯವನ್ನು ಕೊರೆದು ನಯ ಮಾಡಿಸಿದರು, ಅದಕ್ಕೆ ತಕ್ಕ ಪಿಸ್ಟನ್ ಎಲ್ಲಿಂದಲೋ ಹುಡುಕಿ ತಂದು ತೇಯ್ದರು. ಗಿರಣಿಯ ಹಳೆ ಕಂಚಿನಿಂದ ಹೊಸ ಬುಷ್‌ಗಳಾದವು. ರಾಡನ್ನು ದಾರಕ್ಕೆ ಇಳಿಬಿಟ್ಟು ಕಟ್ಟಿಗೆಯಿಂದ ಬಾರಿಸಿ, ಕಿವಿಗೊಟ್ಟು ಕೇಳಿದರು. ಗಂಟೆಯಂತೆ ಖಣ್ ಎಂದಿತು, ಒಳಗೆ ಬಿರುಕಿಲ್ಲ. ಕೊನೆಗೆ ಗಿರಣಿಯ ಮುರಿದ ಕದಿರಿನ ಉಕ್ಕಿನಿಂದ ಹೊಸ ಪಿನ್ನು ಮಾಡಿದರು. ಒಂದೇ ಒಂದು. "ಎರಡ ಮಾಡ್ರಿ, ಒಂದು ಇರಲಿ" ಎಂದೆ. "ಚಲೋದು ಒಂದ ಸಾಕ್ರಿ" ಎಂದರು. ಇಲ್ಲಿ ನಿಮಗೊಂದು ಮಾತು: ಸಣ್ಣ ಜಿನಸು ಯಾವಾಗಲೂ ಎರಡು ಮಾಡಿಸಬೇಕು. ಹಳೇ ಪಿನ್ನನ್ನು ಅಳತೆಗೆಂದು ಹೊಸದರ ಜೊತೆಗೇ ಒಂದು ಹಿತ್ತಾಳೆ ಬಟ್ಟಲಲ್ಲಿ ಇಟ್ಟರು.

ಗಾಡಿ ಯಾರಿಗೆಂದು ನಾನು ಅಷ್ಟರಲ್ಲಿ ಮಾತು ಕೊಟ್ಟುಬಿಟ್ಟಿದ್ದೆ. ನನ್ನ ಹೆಂಡತಿಯ ತವರು ಅಕ್ಕಲಕೋಟೆಯ ಹತ್ತಿರದ ಹಳ್ಳಿ, ಹೊಲ ಮನೆ ಇದ್ದವರು. ನಾಲ್ಕು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಒಬ್ಬನೇ ಮಗ ನನ್ನ ಮೈದುನ. ಆಗ ಇಪ್ಪತ್ತೆರಡರ ಪ್ರಾಯ. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ನನಗೆ ತಾಟಿನ ಮುಂದೆ ಮಣೆ ಹಾಕುತ್ತಿದ್ದರು, ಮಾತಿನಲ್ಲಿ ಮಣೆ ಹಾಕುತ್ತಿರಲಿಲ್ಲ. ಮೊಳೆ ಆರಿಸಿದವನು ಎಂಬುದು ಅವರ ಕಣ್ಣಿನಲ್ಲಿ ಇರುತ್ತಿತ್ತು. ಅದಕ್ಕೇ ಪಂಚಮಿಗೆ ಹೋದಾಗ ಎಲ್ಲರೂ ಕೂತಿದ್ದಂತೆ ಅತ್ತೆಗೆ ಹೇಳಿದೆ: "ಈ ದಸರಾಕ್ಕ ನಿಮ್ಮ ಮಗ ಮೋಟಾರ್ ಸೈಕಲ್ ಮ್ಯಾಲ ಬನ್ನಿ ಮುಡ್ಯಾಕ ಬರ್ತಾನ ನೋಡ್ರಿ."

ಅತ್ತೆ ಮಗನ ಕಡೆ ನೋಡಿದರು. "ಇರೂವಾಂವ ಒಬ್ಬ ಅದಾನಪಾ," ಎಂದರು. ಅಷ್ಟೇ. ನಾನು ಅದರಲ್ಲೂ ಅರ್ಧ ಹಿಡಿದೆ.

ಮೈದುನ ಮಾತ್ರ ನಕ್ಕ. "ಮಾಮಾ ಹೇಳಿದ್ದ ನಾನು ಅರ್ಧಾ ಹಿಡೀತೀನಿ. ಹ್ವಾದ ವರ್ಷದ ಗ್ರಾಮೋಫೋನು ಮರತಿಲ್ಲ ನಾ."

ಅದು ಖರೆ. ಹಿಂದಿನ ವರ್ಷ ಅವನಿಗೆಂದು ಇಟ್ಟ ಒಂದು ಗ್ರಾಮೋಫೋನನ್ನು, ಸ್ಪ್ರಿಂಗ್ ಹೋಗಿದೆ ಎಂದು ಹೇಳಿ, ವಿಜಾಪುರದ ಒಬ್ಬ ಗಿರಾಕಿಗೆ ಕೊಟ್ಟುಬಿಟ್ಟಿದ್ದೆ. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ಅದು ಅವನಿಗೆ ಗೊತ್ತಾಗಿತ್ತು.

ಖಂಡೇ ನವಮಿಯ ಹಿಂದಿನ ದಿನ ನಮ್ಮ ಕಡೆ ಮನೆಯಲ್ಲಿದ್ದ ಲೋಹವೆಲ್ಲ ಹೊರಗೆ ಬರುತ್ತದೆ. ಹೆಂಗಸರು ಬೂದಿ, ಹುಣಸೆಹಣ್ಣು ಹಚ್ಚಿ ಎಲ್ಲವನ್ನೂ ತಿಕ್ಕುತ್ತಾರೆ: ಕೊಡಲಿ, ಕುಡಗೋಲು, ಈಳಿಗೆ, ತಕ್ಕಡಿಯ ಕಲ್ಲು ಸಹ. ಸಂಜೆಯೊಳಗೆ ಮೇಸ್ತ್ರಿಯ ಸುತ್ತಿಗೆ, ಪಾನಾ ಮುಂತಾದ ಅವಜಾರಗಳನ್ನೂ ತೊಳೆದು ಎಣ್ಣೆ ಒರೆಸಿಡಬೇಕು. ಮರುದಿನ ಅವು ಪೂಜೆಗೆ ಕೂರುತ್ತವೆ. ಕೂತ ಮೇಲೆ ದಶಮಿಯ ಸಂಜೆ ಬನ್ನಿ ಮುಡಿಯುವ ತನಕ ಅವನ್ನು ಮುಟ್ಟುವಂತಿಲ್ಲ. ಅಡುಗೆಮನೆಯ ಚಾಕು ಕೂಡ ಕೂತಿರುತ್ತದೆ. ಬದನೆಕಾಯಿ ಹಿಂದಿನ ದಿನವೇ ಹೆಚ್ಚಿಟ್ಟಿರಬೇಕು. ಹೀಗಾಗಿ ಅಷ್ಟಮಿಯ ದಿನ ನನಗೆ ಎಲ್ಲಿಲ್ಲದ ಗಡಿಬಿಡಿ.

"ಲಗೂನ ಮುಗಸ್ರಿ ಮೇಸ್ತ್ರಿ, ಗಿರಣಿ ಭೋಂಗಾ ಊದೂದರಾಗ ಎಂಜಿನ್ ಮುಚ್ಚಬೇಕು," ಎಂದು ಮೂರು ಸಲ ಹೇಳಿದೆ.

"ಎಂಜಿನ್ನಿಗೆ ಭೋಂಗಾ ಕೇಳೂದಿಲ್ರಿ," ಎಂದರು ಅವರು.

ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ನನ್ನ ಹೆಂಡತಿ ಶೆಡ್ಡಿಗೆ ಬಂದು ತಿಕ್ಕುವುದಕ್ಕೆ ಏನೇನಿದೆ ಎಂದು ನೋಡಿದಳು. ಹಿತ್ತಾಳೆ ಬಟ್ಟಲು ಕಣ್ಣಿಗೆ ಬಿತ್ತು. ಅದರಲ್ಲಿ ಎರಡು ಸಣ್ಣ ಉಕ್ಕಿನ ತುಂಡು, ಒಂದು ಕಪ್ಪು, ಒಂದು ಬಿಳಿ. ಬಟ್ಟಲೂ ತಿಕ್ಕಿದಳು, ತುಂಡುಗಳನ್ನೂ ತಿಕ್ಕಿದಳು. ಹುಣಸೆಯ ಹುಳಿಗೆ ಎರಡೂ ಬೆಳ್ಳಗಾದವು. ಹಬ್ಬದ ಮನೆಯ ಹೆಣ್ಣುಮಗಳು ಕಪ್ಪು ಕಂಡದ್ದನ್ನು ಬಿಡುತ್ತಾಳೆಯೇ. ಬಟ್ಟಲನ್ನು ಇದ್ದ ಜಾಗದಲ್ಲಿಯೇ ತಂದಿಟ್ಟು ಹೋದಳು. ನಾನು ನೋಡಿದೆ. ಬಟ್ಟಲು ಫಳಫಳ ಹೊಳೆಯುವುದನ್ನು ನೋಡಿ ಸಂತೋಷವೂ ಪಟ್ಟೆ.

ಹೊತ್ತು ಇಳಿಯುವಾಗ ಮೇಸ್ತ್ರಿ ಎಂಜಿನ್ ಜೋಡಿಸಿದರು. ದೊಡ್ಡ ಬೇರಿಂಗಿನ ರೋಲರ್‌ಗಳನ್ನು ಗ್ರೀಸಿನಲ್ಲಿ ಒಂದೊಂದಾಗಿ ಅಂಟಿಸಿ, ಎರಡು ಸಲ ಎಣಿಸಿದರು. ಕೈತುಂಬ ಗ್ರೀಸು. ಬಟ್ಟಲಿಗೆ ಕೈ ಹಾಕಿದರು, ಒಂದು ಪಿನ್ನು ಎತ್ತಿದರು, ಬೆಳಕಿಗೆ ಹಿಡಿದರು. ಬೆಳ್ಳಗಿತ್ತು. ತೂರಿಸಿದರು. ಸಿಲಿಂಡರ್ ಇಳಿಸಿ ನಾಲ್ಕು ನಟ್ಟು ಬಿಗಿದರು. ಔಡಲೆಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ, ನೂಕುತ್ತ ಓಡಿ ಮೇಲೇರಿದಾಗ ಗಾಡಿ ಮೂರನೆಯ ಕೆಮ್ಮಿಗೆ ಹತ್ತಿಕೊಂಡಿತು. ಇಪ್ಪತ್ತು ವರ್ಷದ ಗಾಡಿ ಅದು, ಎಷ್ಟು ವರ್ಷ ಮಣ್ಣಿನಲ್ಲಿ ಬಿದ್ದಿತ್ತೋ. ರಸ್ತೆಯ ಮೇಲೆ ಒಂದು ಫರ್ಲಾಂಗ್ ಹೋಗಿ ತಿರುಗಿ ಬಂದರು. ಔಡಲೆಣ್ಣೆಯ ಹೊಗೆ ಬೇವಿನ ಮರಗಳ ಕೆಳಗೆ ನಿಂತುಕೊಂಡಿತು.

ಇಳಿದವರು ನಗಲಿಲ್ಲ. "ಒಳಗ ಸಣ್ಣಂಗ ಟಿಕ್ ಅಂತದ," ಎಂದರು.

"ಹೊಸಾ ಪಿಸ್ಟನ್ ಅಲ್ರಿ, ಕೂಡಬೇಕಲ್ಲ."

"ಕೂಡತದ," ಎಂದರು. ಆದರೆ ಎಂಜಿನ್ನಿನ ಕಡೆ ಕಿವಿ ಮಾಡಿಕೊಂಡೇ ಇದ್ದರು, ಅದು ಆರಿದ ಮೇಲೂ.

ನವಮಿಯ ಬೆಳಿಗ್ಗೆ ಶೆಡ್ಡಿನಲ್ಲಿ ಸಗಣಿ ಸಾರಿಸಿ, ರಂಗೋಲಿ ಹಾಕಿ, ಅವಜಾರಗಳನ್ನು ಸಾಲಾಗಿ ಕೂರಿಸಿದೆವು. ಸುತ್ತಿಗೆ, ಅರ, ಇಕ್ಕಳ, ನಟ್ಟು ಬಿಚ್ಚುವ ಪಾನಾಗಳು ದೊಡ್ಡದರಿಂದ ಸಣ್ಣದಕ್ಕೆ. ಪಕ್ಕದಲ್ಲಿ ಗಾಡಿ. ಮೇಸ್ತ್ರಿಯ ಮನೆತನದಲ್ಲಿ ಒಂದು ರೂಢಿ: ಆ ವರ್ಷ ಯಂತ್ರಗಳಿಂದ ತೆಗೆದ ಹಳೆ ಜಿನಸುಗಳನ್ನೂ ಒಂದು ತಾಟಿನಲ್ಲಿ ಇಟ್ಟು ಕುಂಕುಮ ಏರಿಸುವುದು. ದುಡಿದು ಸತ್ತವು, ಅವಕ್ಕೂ ಒಂದು ಪಾಲು ಇರಲಿ ಎಂದು. ಹಳೆ ಪಿಸ್ಟನ್, ಹಳೆ ಬುಷ್, ಮುರಿದ ರಿಂಗು, ಕೊನೆಗೆ ಬಟ್ಟಲಲ್ಲಿ ಉಳಿದ ಆ ಪಿನ್ನು. ಅವರು ಅದನ್ನು ಎಡಗೈಯಲ್ಲಿ ಎತ್ತಿ ಬಲಗೈಯ ಉಂಗುರ ಬೆರಳಿನಿಂದ ಕುಂಕುಮ ಹಚ್ಚಿದರು.

ಬೆರಳು ಅಲ್ಲಿಯೇ ನಿಂತಿತು.

ಹೆಬ್ಬೆರಳಿನ ಉಗುರಿನಿಂದ ಪಿನ್ನಿನ ನಡುವನ್ನು ಸವರಿದರು. ಮತ್ತೊಮ್ಮೆ. ತಿರುಗಿಸಿ ಮತ್ತೊಮ್ಮೆ. ಆಮೇಲೆ ನನ್ನ ಕೈಗೆ ಕೊಟ್ಟರು. ನಾನೂ ಉಗುರು ಆಡಿಸಿದೆ. ಗೆರೆ ಇರಲಿಲ್ಲ. ಅದು ಹೊಸದು. ಹಾಗಾದರೆ ಹಳೆಯದು ಎಂಜಿನ್ನಿನೊಳಗೆ ಹೋಗಿತ್ತು. ಇಬ್ಬರೂ ಗಾಡಿಯ ಕಡೆ ನೋಡಿದೆವು. ಅದರ ಹೆಡ್‌ಲೈಟಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು, ಗಾಲಿಯ ಮುಂದೆ ನಿಂಬೆಹಣ್ಣು.

"ಈಗ ಬಿಚ್ಚೂಣ ನಡೀರಿ," ಎಂದೆ.

"ಕೂತಾವ್ರಿ."

"ಅರ್ಧಾ ತಾಸಿನ ಕೆಲಸ. ಆಮ್ಯಾಲ ಮತ್ತ ಕೂಡಸೂಣ."

"ಎಬ್ಬಸಾಂಗಿಲ್ಲ," ಎಂದರು ಮೇಸ್ತ್ರಿ. ಸಲಗರದ ಮುದುಕ ಆಡಿದ ಮಾತು ಇನ್ನೊಂದು ಬಾಯಿಂದ ಬಂತು. "ನಮ್ಮಪ್ಪ ಒಮ್ಮೆ ಎಬ್ಬಿಸಿದ್ದ. ಆ ವರ್ಷ ಭಟ್ಟಿಯೊಳಗ ಕೈ ಹೋತು. ನೀವು ಏನರ ಅನ್ರಿ, ಬನ್ನಿ ಮುಡಿಯೂತನಕ ನಾ ಪಾನಾ ಮುಟ್ಟಾವಲ್ಲ. ಗಾಡಿ ಹಾಂಗೇ ಇರ್ಲಿ. ಏಕಾದಶಿ ಮುಂಜಾನೆ ಬಿಚ್ಚತೀನಿ."

ನ್ಯಾಯವಾದ ಮಾತು. ಎರಡು ದಿನ ಗಾಡಿ ಅಲುಗದೆ ನಿಂತರೆ ಆಯಿತು. ಆದರೆ ಆ ಮಧ್ಯಾಹ್ನವೇ ಊರಿಂದೂರಿಗೆ ಓಡುವ ಸರ್ವಿಸ್ ಮೋಟಾರಿನಿಂದ ಮೈದುನ ಇಳಿದ. ಹೊಸ ಕೋಟು, ತಲೆಗೆ ಜರಿಯಂಚಿನ ಪಟಕಾ. ಗಾಡಿ ಕಂಡವನೇ ಅದರ ಸುತ್ತ ಮೂರು ಸುತ್ತು ಹಾಕಿದ.

ಅವನಿಗೆ ಹೇಳಿದೆ, ಖರೆ ಹೇಳಿದೆ. ಆದರೆ ನನ್ನ ಹಳೆಯ ರೀತಿ ಎಲ್ಲಿಗೆ ಹೋಗಬೇಕು. ಮೊದಲು, "ಗಾಡಿ ಪೂಜೆಗೆ ಕೂತದ, ಏಕಾದಶಿಗೆ ಒಯ್ಯಿ" ಎಂದೆ. ಅವನು, "ಅವಜಾರ ಕೂಡತಾವ ಮಾಮಾ, ಗಾಡಿ ದಸರಾ ದಿನ ಸೀಮಿ ದಾಟಬೇಕು. ನಮ್ಮೂರಾಗ ಕುದರಿನೂ ದಾಟ್ತಾವ," ಎಂದ. ಅದೂ ಸರಿಯೇ. ಆಮೇಲೆ, "ಪಿಸ್ಟನ್ ಇನ್ನಾ ಕೂತಿಲ್ಲ" ಎಂದೆ. ಆ ಮೇಲೆ, "ಟೈರು ಹಳೇದು" ಎಂದೆ. ಕೊನೆಗೆ ಪಿನ್ನಿನ ಮಾತು ಹೇಳಿದೆ. ಅಷ್ಟರಲ್ಲಿ ನಾಲ್ಕು ಕಾರಣ ಆಗಿದ್ದವು. ನಾಲ್ಕು ಕಾರಣ ಹೇಳುವವನನ್ನು ನಾನೇ ನಂಬುವುದಿಲ್ಲ.

"ಯಾರಿಗೆ ಕೊಟ್ರಿ, ಹೇಳಿಬಿಡ್ರಲಾ," ಎಂದ ಅವನು, ನಗುತ್ತ. "ವಿಜಾಪುರದವನಿಗೋ, ಮತ್ತಾರಿಗೋ? ಸ್ಪ್ರಿಂಗ್ ಹ್ವಾದಂಗ ಈಗ ಪಿನ್ನು ಹೋತು."

"ತಮ್ಮಾ, ನಿನ್ನ ಆಣಿ."

"ಆಣಿನೂ ಅರ್ಧಾ ಹಿಡೀತೀನಿ ಮಾಮಾ. ಅಂದ್ರ ಜೀವದ ಬದಲಿ ಕಾಲು ಅಷ್ಟೇ ಹೋಗ್ತದೇನು?"

ಅವನು ಚೇಷ್ಟೆಗೆ ಅಂದದ್ದು. ನನಗೆ ಸಲಗರದ ಕಟ್ಟೆಯ ಮೇಲಿನ ಆ ನೆಟ್ಟಗಾದ ಕಾಲು ಕಂಡಿತು. ಹೆಂಡತಿ ಒಳಗಿನಿಂದ, "ಹಬ್ಬದ ದಿನ ಏನ ಅಪಶಕುನ ಆಡತೀಯೋ," ಎಂದು ಬೈದಳು. ಹೋಳಿಗೆ ಬಡಿಸಿದಳು. ಪಿನ್ನಿನ ಮಾತು ಅವಳ ಕಿವಿಗೂ ಬಿದ್ದಿರಬೇಕು.

ಮೇಸ್ತ್ರಿಯ ಬಾಯಿಂದ ಹೇಳಿಸಿ ನೋಡೋಣವೆಂದರೆ ಅವರು ಮನೆಗೆ ಹೋಗಿದ್ದರು. ದಶಮಿಯ ಬೆಳಿಗ್ಗೆ ಬಂದರು, ಹೇಳಿದರು. ಮೈದುನ ಅವರ ಮುಂದೆ ನಗಲಿಲ್ಲ, ಮರ್ಯಾದೆ ಕೊಟ್ಟ. ಆದರೆ ಹೊರಗೆ ಬಂದು ನನ್ನ ಕಿವಿಯಲ್ಲಿ, "ಅವರಿಗೂ ಹೇಳಿಕೊಟ್ಟೀರಿ, ಶಾಣ್ಯಾರಿದೀರಿ," ಎಂದ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಸುಳ್ಳನ್ನು ಚಿಲ್ಲರೆಯಾಗಿ ಮಾರಿದರೆ ಖರೆಯನ್ನು ಠೋಕಿನಲ್ಲಿ ಕೊಡಲು ಹೋದಾಗ ಯಾರೂ ತೆಗೆದುಕೊಳ್ಳುವುದಿಲ್ಲ. ಧಂದೆ ಮಾಡುವವರೆಲ್ಲ ಇದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನದ ಭೋಂಗಾ ಆಯಿತು. ಅವನು ಪಟಕಾ ಬಿಗಿದುಕೊಂಡ. ಅಕ್ಕ ಆರತಿ ಎತ್ತಿದಳು. ಗಾಲಿಯ ಮುಂದಿನ ನಿಂಬೆಹಣ್ಣನ್ನು ಅವನು ಗಾಲಿಯ ಕೆಳಗೆ ಸರಿಸಿದ. ಅವನೂರಿಗೆ ಹೋಗುವಾಗ ಮೊದಲು ಸಿಗುವ ಹಳ್ಳಿ ಕುಂಭಾರಿ. ಶೆಡ್ಡಿನ ಬಾಗಿಲಿನಿಂದ ಅದರ ಕಡೆಯ ದಾರಿ ಕಾಣುವುದಿಲ್ಲ, ಊರು ದಾಟಿ ಹೋಗಬೇಕು. ಆದರೆ ಅಂದು ನನಗೆ ಅದು ಕಾಣುತ್ತಿತ್ತು. ಖಡಿ ಹಾಕಿದ ಬಿಳೀ ದಾರಿ, ಎರಡೂ ಬದಿಗೆ ಎದೆಮಟ್ಟದ ಜೋಳ, ಮೇಲೆ ಒಬ್ಬನೇ.

ಅವನು ಗಾಡಿಯನ್ನು ನೂಕಲು ಹ್ಯಾಂಡಲ್ ಹಿಡಿದ. ನಾನು ಮುಂದೆ ಹೋಗಿ ನಿಂತೆ.

"ಸರೀರಿ ಮಾಮಾ."

"ಸರ್ಯಾವಲ್ಲ."

"ಹಾಂಗಾರ ನಿಮ್ಮ ಕಡಿಂದ ಬಳಸಿ ಹೋಗ್ತೀನಿ." ಹೋಗುವವನೇ. ಅಷ್ಟು ಅಗಲದ ರಸ್ತೆ, ನಾನೊಬ್ಬ.

ನಾನು ಶೆಡ್ಡಿನೊಳಗೆ ಹೋದೆ. ಸಾಲಿನಲ್ಲಿ ಕೂತ ಪಾನಾಗಳಲ್ಲಿ ಮೂರನೆಯದು, ಎರಡೂ ಕಡೆ ಬಾಯಿರುವ ಪಾನಾ. ಅದರ ಮೇಲೆ ಅರಿಶಿನ, ಕುಂಕುಮ, ಒಂದು ಚೆಂಡುಹೂವು. ಹೂವನ್ನು ತೆಗೆದು ಪಕ್ಕಕ್ಕಿಟ್ಟೆ. ಪಾನಾ ಎತ್ತಿದೆ.

ಮೇಸ್ತ್ರಿ ಹೊಸ್ತಿಲಲ್ಲಿದ್ದರು. ತಡೆಯಲಿಲ್ಲ. "ಸಾವಕಾರ್ರ," ಎಂದರು, ಅಷ್ಟೇ. ಹೆಂಡತಿ ಆರತಿಯ ತಾಟನ್ನು ಕಟ್ಟೆಯ ಮೇಲೆ ಇಟ್ಟಳು. ಮೈದುನನ ನಗು ಅಲ್ಲಿಗೆ ನಿಂತಿತು. ಅವನು ಹುಟ್ಟಿದಾಗಿನಿಂದ ಕಂಡಿರದ ಕೆಲಸವದು. ಚೌಕಾಸಿಗೋಸ್ಕರ ಯಾರೂ ಕೂತ ಅವಜಾರ ಎಬ್ಬಿಸುವುದಿಲ್ಲ. ನನ್ನ ಆಣೆಯನ್ನು ನಂಬದವನು ಅದನ್ನು ಕಂಡು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದ.

ರಸ್ತೆಯ ಮೇಲೆಯೇ ಬಿಚ್ಚಿದೆ. ಮೇಸ್ತ್ರಿ ಮಾಡುವುದನ್ನು ನೋಡಿ ಗೊತ್ತಿತ್ತೇ ಹೊರತು ಕೈಗೆ ಅಭ್ಯಾಸವಿರಲಿಲ್ಲ. ಹೊಗೆ ಕೊಳವೆ ಬಿಚ್ಚಿದೆ, ತಂತಿ ಕಿತ್ತೆ, ನಾಲ್ಕು ನಟ್ಟು ತೆಗೆದೆ. ಅರಿಶಿನ ಬೆವರಿಗೆ ಕರಗಿ ಕೈಯೆಲ್ಲ ಹಳದಿಯಾಯಿತು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತ ಮೈದುನ ನಾನು ಕೊಟ್ಟ ನಟ್ಟುಗಳನ್ನು ಹಿಡಿದುಕೊಳ್ಳುತ್ತ ಹೋದ. ಸಿಲಿಂಡರ್ ಎತ್ತಿದೆ.

ಹೊಸದಾಗಿ ನಯ ಮಾಡಿದ ಗೋಡೆಯ ಮೇಲೆ ಹಸಿ ಗೀರು, ಕೂದಲೆಳೆಯಷ್ಟು. ಒಂದು ಫರ್ಲಾಂಗ್ ಓಡಿದ್ದಕ್ಕೇ ಅಷ್ಟು. ಪಿಸ್ಟನ್ನಿನ ಗೂಟ ಒಂದು ಕಡೆಗೆ ಸರಿದಿತ್ತು. ಅದರೊಳಗಿನ ಪಿನ್ನನ್ನು ಬೆರಳಿನಿಂದ ಮುಟ್ಟಿದೆ. ಅದು ಎರಡಾಗಿ ನನ್ನ ಅಂಗೈಯಲ್ಲಿ ಬಿತ್ತು.

ಮೈದುನ ಎರಡೂ ತುಂಡುಗಳನ್ನು ತೆಗೆದುಕೊಂಡ. ಒಂದಕ್ಕೊಂದು ಜೋಡಿಸಿ ನೋಡಿದ. "ಎಲ್ಲೀತನಕ ಹೋಗ್ತಿತ್ರಿ ಇದು?" ಎಂದು ಮೇಸ್ತ್ರಿಯನ್ನು ಕೇಳಿದ.

"ಕುಂಭಾರಿ ಕಾಣತಿದ್ದಿಲ್ಲ."

ಅವನು ಪಟಕಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಸಹಜವಾಗಿ, "ಹಳೇ ಪಿನ್ನು ಒಳಗ ಹೆಂಗ ಹೋತ್ರಿ?" ಎಂದ.

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ, "ನಾನೇ ಬಟ್ಟಲದಾಗ ಎರಡೂ ಕೂಡಿಸಿ ಒರಸಿಟ್ಟಿದ್ದೆ," ಎಂದೆ. "ಗಡಿಬಿಡಿಯೊಳಗ ತಪ್ಪಾತು." ಮೇಸ್ತ್ರಿ ನನ್ನ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತ ನನ್ನ ಹೆಂಡತಿಯ ಕೈ ನೋಡಿದರು. ಹುಣಸೆಹಣ್ಣಿನಿಂದ ಕಬ್ಬಿಣ ತಿಕ್ಕಿದರೆ ಬೆರಳ ತುದಿ ಕಪ್ಪಾಗುತ್ತದೆ, ನಾಲ್ಕೈದು ದಿನ ಹೋಗುವುದಿಲ್ಲ. ಮೇಸ್ತ್ರಿ ಎದ್ದು ಮನೆಗೆ ಹೋದರು.

ಅವರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಏಕಾದಶಿಯ ಬೆಳಿಗ್ಗೆ ಬಂದರು. ಗೀರನ್ನು ತೇಯ್ದು ತೆಗೆದರು, ಕುಂಕುಮ ಹತ್ತಿದ ಆ ಹೊಸ ಪಿನ್ನನ್ನು ತೊಳೆದು ಉಗುರಿನಿಂದ ಮೂರು ಸಲ ಸವರಿ ತೂರಿಸಿದರು, ಗಾಡಿ ಕಟ್ಟಿದರು. ಮೈದುನನ ಜೊತೆ ಮಾತಾಡಿದರು, ನನ್ನ ಜೊತೆ ಇಲ್ಲ. ಅವನಿಗೆ ಹೇಳಿದ್ದು ಇಷ್ಟು: ಎರಡು ಮೈಲಿಗೊಮ್ಮೆ ನಿಲ್ಲು, ಎಂಜಿನ್ ಮುಟ್ಟಿ ನೋಡು, ಟಿಕ್ ಅಂದರೆ ಇಳಿದುಬಿಡು, ನೂಕಿಕೊಂಡು ಹೋಗು. ಎಲ್ಲ ಮುಗಿದ ಮೇಲೆ ಅವಜಾರದ ಚೀಲ ಕಟ್ಟಿದರು. ನಾನು ಎಬ್ಬಿಸಿದ ಪಾನಾ ನೆಲದ ಮೇಲೆ ಉಳಿದಿತ್ತು. ಎತ್ತಿ ಕೊಡಲು ಹೋದೆ.

"ಅದು ನಿಮ್ಮದಾತ್ರಿ," ಎಂದರು. "ನನ್ನ ಸಾಲಿನಾಗ ಅದು ಇನ್ನ ಕೂಡೂದಿಲ್ಲ."

ಬೇರೆ ಯಾರೇ ಆಗಿದ್ದರೂ ನಾನು ಏನಾದರೂ ಹೇಳಿ ಒಪ್ಪಿಸುತ್ತಿದ್ದೆ. ಆ ದಿನ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಪಾನಾ ಶೆಡ್ಡಿನ ಗೋಡೆಗೆ ಒಂದು ಮೊಳೆಯ ಮೇಲೆ ಜೋತುಬಿತ್ತು. ಈಗಲೂ ಇದೆ. ಅದರಿಂದ ಒಂದು ನಟ್ಟೂ ಬಿಚ್ಚಿಲ್ಲ, ಗಿರಾಕಿ ಕೇಳಿದರೂ ಮಾರಿಲ್ಲ. ನನ್ನ ಹೆಂಡತಿ ಪ್ರತಿ ನವಮಿಗೆ ಅದನ್ನು ಬೇರೆ ತಾಟಿನಲ್ಲಿ, ಉಳಿದವುಗಳಿಂದ ದೂರ ಕೂರಿಸಿ, ಅದರ ಮುಂದೆ ಒಂದು ನಿಂಬೆಹಣ್ಣು ಇಡುತ್ತಾಳೆ. ಅದನ್ನು ತಿಕ್ಕುವುದಿಲ್ಲ.

ಅಂದು ಮೈದುನ ಹೊರಟ. ನಾನು ಕುಂಭಾರಿಯವರೆಗೆ ಹಿಂದೆ ಸೈಕಲ್ಲಿನಲ್ಲಿ ಬರುತ್ತೇನೆ ಎಂದೆ. "ಬ್ಯಾಡ್ರಿ ಮಾಮಾ," ಎಂದ. ನಗೆಯಾಡಲಿಲ್ಲ. "ಮುಟ್ಟಿದ ಮ್ಯಾಲ ಸರ್ವಿಸ್ ಮೋಟಾರಿನಾಂವನ ಕೈಯಾಗ ಬನ್ನಿ ಕಳಸ್ತೀನಿ." ಎಂಜಿನ್ನಿನ ಸದ್ದು ಊರಿನ ಕಡೆ ತಿರುಗಿ, ಗಿರಣಿಯ ಸದ್ದಿನಲ್ಲಿ ಮುಳುಗಿತು. ಆಮೇಲೆ ನಾನು ಎಷ್ಟು ಹೊತ್ತು ಕಿವಿಗೊಟ್ಟರೂ ಗಿರಣಿಯ ಮಗ್ಗಗಳ ಟಿಕ್ ಟಿಕ್ ಬಿಟ್ಟು ಬೇರೇನೂ ಕೇಳಲಿಲ್ಲ. ಆ ಸಂಜೆ ಸರ್ವಿಸ್ ಮೋಟಾರು ಬಂತು, ಡ್ರೈವರ್ ಏನೂ ಕೊಡಲಿಲ್ಲ, ದಾರಿಯಲ್ಲಿ ಏನೂ ಕಾಣಲಿಲ್ಲ ಎಂದ. ಕಾಣಲಿಲ್ಲ ಎಂದರೆ ಒಳ್ಳೆಯದೋ ಕೆಟ್ಟದ್ದೋ. ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಡ್ರೈವರ್ ಮೋಟಾರು ನಿಲ್ಲಿಸದೆಯೇ ನಿಧಾನ ಮಾಡಿ ಒಂದು ಬಟ್ಟೆಯ ಗಂಟನ್ನು ಕಟ್ಟೆಯ ಮೇಲೆ ಎಸೆದು ಹೋದ. ಹೆಂಡತಿ ಬಿಚ್ಚಿದಳು. ಬನ್ನಿಯ ಎಲೆ, ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಪೊಟ್ಟಣ, ಮತ್ತು ಒಂದು ಚಿಂದಿಯಲ್ಲಿ ಸುತ್ತಿದ ಆ ಮುರಿದ ಪಿನ್ನಿನ ಎರಡು ತುಂಡು. ಅವನ್ನು ಯಾಕೆ ಕಳಿಸಿದನೋ, ಕೇಳಲಿಲ್ಲ.

ಅವಳು ಬನ್ನಿಯನ್ನು ಸೆರಗಿನಲ್ಲಿ ಹಿಡಿದುಕೊಂಡಳು. ತುಂಡುಗಳನ್ನು ಅಂಗೈಯ ಮೇಲೆ ಇಟ್ಟುಕೊಂಡು ನೋಡಿದಳು. ಎರಡೂ ಇನ್ನೂ ಬೆಳ್ಳಗಿದ್ದವು.

"ಇದನ್ನ ತಿಕ್ಕಿದಾಕಿ ನಾನಲ್ಲೇನ್ರಿ?"

"ಅಲ್ಲ," ಎಂದೆ. "ಹೇಳಿದ್ನಲ್ಲಾ, ನಾನೇ ಒರಸಿಟ್ಟಿದ್ದೆ."

ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಕಪ್ಪು ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅರ್ಧಾ ಹಿಡೀತೀನಿ," ಎಂದು ಒಳಗೆ ಹೋದಳು.